ಖಾಲಿ ಕುರ್ಚಿಯ ಅಪ್ಪಣೆ

"ಗುರುಗಳೇ, ನಾಳೆಯಿಂದ ಮಠದ ಶಾಲೆ ನನ್ನ ಕೈಗೆ ಬರುತ್ತದೆ. ಎಲ್ಲವನ್ನೂ ನಾನೊಬ್ಬನೇ ತೀರ್ಮಾನಿಸಿದರೆ ಶಾಲೆ ಚೆನ್ನಾಗಿ ನಡೆಯುವುದೋ, ಉಳಿದ ಉಪಾಧ್ಯಾಯರನ್ನೂ ಕೇಳಬೇಕೋ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಹೇಳಿದರು:

ಕೆರೆಯ ಕೆಳಗೆ, ಗುಡ್ಡದ ಪಕ್ಕದಲ್ಲಿ ಒಂದು ಶಾಲೆಯಿತ್ತು. ಅಲ್ಲಿ ಮುಖ್ಯೋಪಾಧ್ಯಾಯನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಗಂಟೆ ಹೊಡೆಯಲು ಅವನೇ ಹೇಳಬೇಕು, ಕಿಟಕಿ ತೆರೆಯಲೂ ಅವನೇ ಹೇಳಬೇಕು. ಅವನ ಕೈಕೆಳಗಿನ ಉಪಾಧ್ಯಾಯ ಮೊದಮೊದಲು ಸ್ವಂತ ಬುದ್ಧಿಯಿಂದ ಒಂದೆರಡು ಕೆಲಸ ಮಾಡಿ ಬೈಸಿಕೊಂಡ. ಆಮೇಲೆ ಜಾಣನಾದ, ಏನನ್ನೂ ಮಾಡಲಿಲ್ಲ. ಇಂಥ ಶಿಸ್ತು ಎಲ್ಲೂ ಇಲ್ಲವೆಂದು ಊರು ಹೊಗಳಿತು. ಊರಿಗೇನು, ಗಲಾಟೆಯಿಲ್ಲದಿದ್ದರೆ ಸಾಕು.

ಒಂದು ದಿನ ಮುಖ್ಯೋಪಾಧ್ಯಾಯ ಮಕ್ಕಳನ್ನು ಮಗ್ಗಿ ಹೇಳಲು ಕೂರಿಸಿ, "ನಾನು ಹೇಳುವವರೆಗೆ ಯಾರೂ ಏಳಬಾರದು" ಎಂದು ಪಕ್ಕದ ಊರಿಗೆ ಹೋದ. ಮಧ್ಯಾಹ್ನ ಕೆರೆಯ ಏರಿ ಒಡೆಯಿತು.

ಮಗಳನ್ನು ಹುಡುಕಿಕೊಂಡು ತಾಯಿಯೊಬ್ಬಳು ನೀರಿನಲ್ಲೇ ಓಡಿ ಬಂದಳು. ದೂರದಿಂದಲೇ ಮಗ್ಗಿ ಕೇಳಿಸುತ್ತಿತ್ತು. ಒಳಗೆ ನೀರು, ಕೂತ ಮಕ್ಕಳ ಎದೆಯವರೆಗೆ ಬಂದಿತ್ತು. ಒಂದು ಮಗುವೂ ಅಳುತ್ತಿರಲಿಲ್ಲ. ಒಂದು ಲೆಕ್ಕವೂ ತಪ್ಪುತ್ತಿರಲಿಲ್ಲ. ಎಲ್ಲರ ಕಣ್ಣೂ ಮುಖ್ಯೋಪಾಧ್ಯಾಯನ ಖಾಲಿ ಕುರ್ಚಿಯ ಮೇಲಿತ್ತು. ಉಪಾಧ್ಯಾಯ ಗೋಡೆಗೆ ಒರಗಿ ನಿಂತು ತಾನೂ ಮಗ್ಗಿ ಹೇಳುತ್ತಿದ್ದ.

"ಮೇಷ್ಟ್ರೇ, ಮಕ್ಕಳನ್ನ ಎಬ್ಬಿಸಿ!" ಎಂದು ಅವಳು ಕೂಗಿದಳು.

"ಹೆಡ್‌ಮೇಷ್ಟ್ರು ಬರಲಿ ಕಣಮ್ಮ, ಕೇಳಿ ಎಬ್ಬಿಸ್ತೀನಿ," ಎಂದ ಉಪಾಧ್ಯಾಯ.

ಅವಳು ಮಗಳ ರಟ್ಟೆ ಹಿಡಿದು ಎಳೆದಳು. ಮಗಳು ಕೈ ಕೊಸರಿಕೊಂಡು ಮತ್ತೆ ಕೂತಳು. ತಾಯಿಯ ಮುಖವನ್ನು ನೋಡಲೂ ಇಲ್ಲ. ತಾಯಿಗೆ ನೀರಿಗಿಂತ ಮಗಳನ್ನು ಕಂಡೇ ಹೆಚ್ಚು ಭಯವಾಯಿತು. ಆಗ ಏನು ತೋಚಿತೋ, ಹೋಗಿ ಆ ಕುರ್ಚಿಯಲ್ಲಿ ಕೂತಳು. "ಸಾಕು. ಏಳಿ. ಗುಡ್ಡ ಹತ್ತಿ," ಎಂದಳು.

ಮಗ್ಗಿ ನಿಂತಿತು. ಮಕ್ಕಳೆಲ್ಲ ಒಟ್ಟಿಗೆ ಎದ್ದರು. ಉಪಾಧ್ಯಾಯನೂ ಅವರ ಹಿಂದೆ ಹೊರಟ. ಸಾಲು ಮುರಿಯದೆ ಗುಡ್ಡ ಹತ್ತಿದರು. ಕೊನೆಯಲ್ಲಿ ತಾಯಿ ಹತ್ತಿದಳು. ಹೇಳಿದವರು ಯಾರೆಂದು ಒಬ್ಬರೂ ತಿರುಗಿ ನೋಡಲಿಲ್ಲ. ಅವಳ ಮಗಳೂ ನೋಡಲಿಲ್ಲ.

ಚೆನ್ನವೀರ ನಿಟ್ಟುಸಿರು ಬಿಟ್ಟ. "ಸದ್ಯ, ಮಕ್ಕಳೆಲ್ಲ ಉಳಿದರಲ್ಲ! ಹಾಗಾದರೆ ಕೊನೆಗೆ ಅವರನ್ನು ಕಾಪಾಡಿದ್ದು ಆ ಶಿಸ್ತೇ ಅಲ್ಲವೇ, ಗುರುಗಳೇ?"

"ಪುಣ್ಯಕ್ಕೆ, ಆ ದಿನ ಬಂದು ಕೂತವಳು ತಾಯಿ," ಎಂದರು ಗುರುಗಳು.