ಕಲ್ಲಿನ ಹಿಂದೆ ಬಂದ ಗಂಟು

ತಹಸೀಲ್ದಾರ್ ಸಾಹೇಬರಿಗೆ ಕಲ್ಲು ಕೂಡಿಡುವ ಹುಚ್ಚು. ತಾಲ್ಲೂಕಿಗೊಂದು ಅಧಿಕೃತ ಕಲ್ಲು ಬೇಕೆಂದು ಊರೂರು ಅಲೆದು, ಕಡೆಗೆ ಹಳ್ಳದ ದಂಡೆಯ ಗುಲಾಬಿ ಕಲ್ಲಿಗೆ ಮನಸೋತರು. ಊರ ಬಟ್ಟೆ ಒಗೆಯುವ ಹೊನ್ನೂರವ್ವ ಬಡಿದು ಬಡಿದು ಅದಕ್ಕೆ ಕನ್ನಡಿಯ ಹೊಳಪು ತಂದಿದ್ದಳು.

"ಇದು ಇನ್ನು ಸರ್ಕಾರದ್ದು," ಎಂದರು ಸಾಹೇಬರು.

"ಮತ್ತ ನಾ ಬಟ್ಟಿ ಎಲ್ಲಿ ಒಗೀಲಿರಿ?"

"ಅದು ನಿನ್ನ ಪಾಡು."

ಕಲ್ಲು ಲಾರಿ ಏರಿ ಕಚೇರಿ ಮುಂದೆ ಇಳಿಯಿತು.

ಮರುದಿನ ಕಲ್ಲಿನ ಉದ್ಘಾಟನೆ. ಜಿಲ್ಲಾಧಿಕಾರಿಗಳು ಕಾರಿನಿಂದ ಇಳಿದರೆ ಧಪ್ ಧಪ್ ಸದ್ದು. ಹೊನ್ನೂರವ್ವ ಕಚೇರಿಯ ನಳದ ನೀರು ಹಿಡಿದು, ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಶಾಮಿಯಾನದ ಹಗ್ಗದ ತುಂಬ ಪಟ್ಟಾಪಟ್ಟಿ ಚಡ್ಡಿಗಳು ಗಾಳಿಗೆ ಕುಣಿಯುತ್ತಿದ್ದವು.

"ಏನಿದು?" ಸಾಹೇಬರು ಗದರಿದರು.

"ಕಲ್ಲು ಇಲ್ಲಿಗೆ ಬಂತಲ್ರಿ, ನಾನೂ ಬಂದೆ. ನಿಮ್ಮ ಮನಿ ಬಟ್ಟಿ ಗಂಟೇ ಮೊದಲು ಬಿಚ್ಚೀನಿ. ನಿಮ್ಮ ಮನಿ ಅಕ್ಕಾರು ಮುಂಜಾನೆನೇ ಕೊಟ್ಟಾರ."

ಜಿಲ್ಲಾಧಿಕಾರಿಗಳು ಹಗ್ಗವನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದರು. "ಇವನ್ನೂ ನಾನೇ ಉದ್ಘಾಟನೆ ಮಾಡಬೇಕೇನ್ರಿ?"

ಜನರೆಲ್ಲ ಗೊಳ್ಳೆಂದರು. ಸಾಹೇಬರು ಬಗ್ಗಿ ಹೊನ್ನೂರವ್ವನ ಕಿವಿಯಲ್ಲಿ ಬೇಡಿಕೊಂಡರು, "ಲಾರಿ ಈಗಲೇ ಕರೆಸ್ತೀನಿ, ನಿನ್ನ ಕಲ್ಲು ಹಳ್ಳಕ್ಕೇ ಹೋಗಲಿ. ಮೊದಲು ಆ ಚಡ್ಡಿ ತೆಗಿಯವ್ವ."

"ಲಾರಿ ಬರೋದ್ರೊಳಗ ಒಣಗ್ತಾವ, ಸುಮ್ಮನಿರ್ರಿ," ಎಂದು ಹೊನ್ನೂರವ್ವ ಇನ್ನೊಂದನ್ನು ಹಿಂಡಿದಳು.