ಗೋಡೆಗೇರಿದ ಜಾಮೀನು ಪತ್ರ

ಬ್ಯಾಂಕೊಂದರಲ್ಲಿ ಮುದಿ ಜವಾನನೊಬ್ಬನಿದ್ದನು. ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಲು ಅವನು ಅಲ್ಲಿಯೇ ಸಾಲ ಬೇಡಿದನು. ಶುಲ್ಕ ಕಟ್ಟಲು ಒಂದೇ ವಾರ ಉಳಿದಿತ್ತು.

ಮ್ಯಾನೇಜರ್ ತ್ರ್ಯಂಬಕರಾಯರು ಕಂಪ್ಯೂಟರ್ ನೋಡಿ ಗುಡುಗಿದರು: "ನಿನ್ನ ಕ್ರೆಡಿಟ್ ಸ್ಕೋರ್ ಪಾತಾಳದಲ್ಲಿದೆಯಲ್ಲಯ್ಯ! ಸುಸ್ತಿದಾರರ ಗೋಡೆಯ ಮೇಲೆ ನಿನ್ನ ಫೋಟೋವನ್ನೂ ನೀನೇ ಹಚ್ಚು. ನಾಲ್ಕು ಜನ ನೋಡಿದರೆ ಬುದ್ಧಿ ಬರುತ್ತದೆ."

"ಅಪ್ಪಣೆ, ಸ್ವಾಮಿ."

ಜವಾನನು ಜನ್ಮದಲ್ಲಿ ಸಾಲ ಮಾಡಿದವನಲ್ಲ. ಆದರೆ ಸಾಹೇಬರು ಕಾಗದ ಮುಂದಿಟ್ಟರೆ, ಚಹಾದ ತಟ್ಟೆಯನ್ನು ಕೆಳಗಿಟ್ಟು ಜಾಮೀನಿಗೆ ರುಜು ಹಾಕುವುದು ಆ ಕಚೇರಿಯ ಜವಾನರ ವಾಡಿಕೆಯಾಗಿತ್ತು.

ಮರುದಿನ ಗೋಡೆಯ ಮುಂದೆ ಗ್ರಾಹಕರು ಗುಂಪುಗೂಡಿ ನಗುತ್ತಿದ್ದರು. ಜವಾನನು ಬೇರೊಂದು ಬ್ಯಾಂಕಿನ ಕಾರು ಸಾಲದ ಪತ್ರದ ಪ್ರತಿಯನ್ನೇ ಹಚ್ಚಿದ್ದನು. ಕೆಳಗೆ ಜಾಮೀನುದಾರನಾದ ಅವನ ಫೋಟೋ. ಮೇಲೆ ಸಾಲಗಾರರಾದ ತ್ರ್ಯಂಬಕರಾಯರ ನಗುಮುಖ.

"ಏನಯ್ಯ ಇದು?" ರಾಯರ ಮುಖ ಕಪ್ಪಿಟ್ಟಿತು.

"ನನ್ನ ಫೋಟೋ, ಸ್ವಾಮಿ. ತಾವು ಅಂದು ತೆಗೆಸಿದ್ದು. ಬೇರೆ ನನ್ನಲ್ಲಿಲ್ಲ."

ಸಂಜೆಯೊಳಗೆ ರಾಯರು ಕಾರು ಸಾಲದ ತಪ್ಪಿದ ಕಂತುಗಳನ್ನೆಲ್ಲ ಕಟ್ಟಿ ಬಂದು ರಸೀದಿಯನ್ನು ಎಸೆದರು. "ತೀರಿತಲ್ಲ! ಕೀಳು ಅದನ್ನು."

"ಹಾಗಾದರೆ ನನ್ನ ಸಾಲ, ಸ್ವಾಮಿ?"

"ಸ್ಕೋರ್ ಏರಲು ಮೂರು ತಿಂಗಳಾದರೂ ಬೇಕು. ನಾನೇನು ಮಾಡಲಿ?"

ಅಷ್ಟರಲ್ಲಿ ಮಗಳ ಸೀಟು ಇನ್ನೊಬ್ಬರ ಪಾಲಾಗುವುದು ಜವಾನನಿಗೆ ತಿಳಿದಿತ್ತು. ಅವನು ಕಣ್ಣೊರೆಸಿಕೊಂಡು ಚಹಾದ ತಟ್ಟೆಯನ್ನು ಎತ್ತಿಕೊಂಡನು.

"ಆಗಲಿ, ಸ್ವಾಮಿ. ಆ ಪತ್ರಕ್ಕೆ ಹಚ್ಚಿದ ಅಂಟೂ ಮೂರು ತಿಂಗಳಿಗೆ ಮೊದಲು ಬಿಡುವುದಿಲ್ಲ."