ಬೋರ್ಡಿಗೆ ಕೊಟ್ಟ ಒಲೆಗಲ್ಲು

ಬಸ್ ನಿಲ್ದಾಣದ ಹಿಂದಿನ ಗಂಜಿ ಕೇಂದ್ರಕ್ಕೆ ಸರ್ಕಾರದ ಅನುದಾನ ಮಂಜೂರಾಯಿತು. ಮೊದಲು ಬಂದದ್ದು ಅಕ್ಕಿಯಲ್ಲ, ‘ಇಲ್ಲಿ ಬಿಸಿ ಗಂಜಿ ಉಚಿತ’ ಎಂದು ಬರೆದ ಆಳೆತ್ತರದ ಬೋರ್ಡು.

“ನಾನು ನಿಂತ ಫೋಟೊ ಕಚೇರಿಗೆ ಹೋಗದೆ ಅಕ್ಕಿ ಬಾರದು,” ಎಂದಿತು ಬೋರ್ಡು. “ನಿಲ್ಲಬೇಕಾದರೆ ಬುಡಕ್ಕೆ ಕಲ್ಲು ಬೇಕು.”

ಹಸಿದವರ ಸಾಲು ನೋಡಿ ಗಂಜಿಯ ಹಂಡೆ ಹೇಳಿತು: “ನನ್ನ ಒಲೆಯ ಮೂರು ಕಲ್ಲು ತಗೋ ಮಾರಾಯ, ಫೋಟೊ ಆದಮೇಲೆ ಕೊಡು.”

ಫೋಟೊ ಹೋಯಿತು, ಅಕ್ಕಿಯೂ ಬಂದು ಹಂಡೆಗೆ ಬಿತ್ತು. ನೆಲದ ಮೇಲೆ ಕೂತಿದ್ದ ಹಂಡೆ ತನ್ನ ಕಲ್ಲು ಕೇಳಿತು.

“ಸಿಮೆಂಟು ಹಾಕಿಯಾಗಿದೆ. ನನ್ನನ್ನು ಅಲುಗಿಸಿದರೆ ಅನುದಾನ ವಾಪಸು,” ಎಂದಿತು ಬೋರ್ಡು.

ಸಾಲಿನ ಮೊದಲಿಗಿದ್ದ ಹಮಾಲಿ ಹುಸೇನಮ್ಮ ಬೋರ್ಡನ್ನು ಯಾರಿಂದಲೋ ಓದಿಸಿಕೊಂಡಳು, ಹಂಡೆಯೊಳಗೆ ಇಣುಕಿದಳು, ಆಮೇಲೆ ಹಸಿ ಅಕ್ಕಿಗೇ ತಟ್ಟೆ ಒಡ್ಡಿದಳು.